ಪವರ್ ಬ್ಯಾಂಕ್ ಮತ್ತು ಚಿಕ್ಕವ್ವನ ಮನೆಯ ಪ್ಲಗ್ಗು

ಪವರ್ ಬ್ಯಾಂಕ್ ಕೊಳ್ಳಲು ಹಾಸನದ ಅಂಗಡಿಗೆ ಹೋದಾಗ ಕ್ಯಾಮೆರಾದ ಬ್ಯಾಟರಿಗಳನ್ನೂ ಅವುಗಳ ಚಾರ್ಜರನ್ನೂ ಜೊತೆಗೇ ಒಯ್ದಿದ್ದೆ, ಅಳತೆಗೆ ಹಳೇ ಅಂಗಿ ಹಿಡಿದುಕೊಂಡು ಟೈಲರ್ ಹತ್ತಿರ ಹೋಗುವ ಹಾಗೆ. ಅಂಗಡಿಯವನು ಅದನ್ನೆಲ್ಲ ನೋಡಲೇ ಇಲ್ಲ. ಇಟ್ಟಿಗೆ ಗಾತ್ರದ್ದೊಂದನ್ನು ನನ್ನ ಕೈಮೇಲಿಟ್ಟು, "ಇದ್ ತಗಳಿ ಸಾ. ಎಂಗೈತೆ ನೋಡಿ ತೂಕ! ಫೋನ್ ಮೂರ್ ದಿನ ಎದ್ದಿರ್ತದೆ" ಅಂದ.

"ಫೋನಿಗಲ್ಲ, ಕ್ಯಾಮೆರಾ ಬ್ಯಾಟರಿಗೆ."

"ಯಾವುದಾದ್ರೇನ್ ಸಾ, ಕರೆಂಟ್ ಒಂದೇ ಅಲ್ವಾ?"

ಒಂದೇ ಅಲ್ಲ ಎಂಬುದನ್ನು ನಾನು ಓದಿಕೊಂಡೇ ಹೋಗಿದ್ದೆ. ಎಲ್ಲಿಗೆ ಹೋದರೂ ಓದಿಕೊಂಡು ಹೋಗುವುದು ನನಗೆ ಅಭ್ಯಾಸ. ಗೊತ್ತಿಲ್ಲ ಅಂತ ಯಾರ ಮುಂದೂ ನಿಲ್ಲಬಾರದು. ಕ್ಯಾಮೆರಾ ಬ್ಯಾಟರಿಯ ಚಾರ್ಜರು ಫೋನಿನ ಹಾಗೆ ಕರೆಂಟು ಎಳೆಯುವುದಿಲ್ಲ. ಹಸುಗೂಸು ಹಾಲು ಕುಡಿದ ಹಾಗೆ ಸಣ್ಣಗೆ ಎಳೆಯುತ್ತದೆ. ಕೆಲವು ಪವರ್ ಬ್ಯಾಂಕುಗಳು ಅದನ್ನು ಲೆಕ್ಕಕ್ಕೇ ಹಿಡಿಯದೆ, ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾವಾಗಿಯೇ ಆರಿಹೋಗುತ್ತವೆ. ಇಲ್ಲೇ ಸಿಕ್ಕಿಸಿ ನೋಡುತ್ತೇನೆ ಎಂದು ಸ್ಟೂಲು ಎಳೆದುಕೊಂಡು ಕೂತೆ. ಇಟ್ಟಿಗೆಯಂಥದ್ದಕ್ಕೆ ಸಿಕ್ಕಿಸಿದಾಗ ಚಾರ್ಜರಿನ ಕೆಂಪು ದೀಪ ಹತ್ತಿತು. ಒಂದು ಟೀ ಕುಡಿಯುವಷ್ಟರಲ್ಲಿ ಆರಿತು. ಅಂಗಡಿಯವನು ಅದರ ನೆತ್ತಿಗೊಂದು ತಟ್ಟಿ ಮತ್ತೆ ಹತ್ತಿಸಿದ. ಮತ್ತೆ ಆರಿತು.

"ನೀವ್ ಮೇಷ್ಟ್ರಾ ಸಾ?"

"ಹೌದು. ಯಾಕೆ?"

"ಪರೀಕ್ಷೆ ಮಾಡದ್ ನೋಡುದ್ರೇ ಗೊತ್ತಾಯ್ತದೆ ಬುಡಿ."

ಕೊನೆಗೆ ಒಳಗಿನಿಂದ ತೆಳ್ಳನೆಯದೊಂದನ್ನು ತಂದ. ಅದರ ಬಟನ್ನನ್ನು ಎರಡು ಸಲ ಒತ್ತಿದರೆ ಎಷ್ಟು ಸಣ್ಣ ಕರೆಂಟಿಗೂ ಆರದೆ ನಿಲ್ಲುತ್ತದೆ. ಕೆಂಪು ದೀಪ ಹತ್ತಿದ್ದು ಹತ್ತಿಯೇ ಇತ್ತು. "ದಿನಪೂರ್ತಿ ಬರುತ್ತಾ?" ಎಂದು ನಾನು ಮತ್ತೆ ಮತ್ತೆ ಕೇಳಿದೆ. ದಿನಪೂರ್ತಿ ಎಂದರೆ ಬೆಳಿಗ್ಗೆ ಬಸ್ಸಿಳಿದಾಗಿನಿಂದ ಸಂಜೆ ಬಸ್ಸು ಹತ್ತುವವರೆಗೆ ನಾನು ಯಾರ ಮನೆ ಬಾಗಿಲಿಗೂ ಹೋಗಿ ಸ್ವಲ್ಪ ಕರೆಂಟು ಕೊಡಿ ಅಂತ ಕೇಳಬಾರದು. ನನಗಿದ್ದ ಅಳತೆ ಅದೊಂದೇ. ಅದನ್ನು ಅಂಗಡಿಯವನಿಗೆ ಹೇಳಲಿಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ನಮ್ಮದು ದಲಿತರ ಮನೆ. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಭಾನುವಾರಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಅಲೆದು ವೀರಗಲ್ಲುಗಳ ಫೋಟೊ ತೆಗೆಯುವುದು ನನ್ನ ಹುಚ್ಚು. ಮೊಸಳೆ ಎಂಬ ಊರಿನ ಜೋಡಿ ಗುಡಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಊರ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲು ಬೇಲಿ ಸಂದಿಯಲ್ಲಿ ಸೊಂಟದವರೆಗೆ ಹೂತು ನಿಂತಿರುತ್ತದೆ, ಅದನ್ನು ಕೇಳುವವರಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗಲೇ ಆ ಕಲ್ಲಿನ ಕೆತ್ತನೆ ಎದ್ದು ಕಾಣುವುದು. ಹಾಗಾಗಿ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಅಲ್ಲೇ ಇರಬೇಕು. ಮಧ್ಯಾಹ್ನದೊಳಗೆ ಬ್ಯಾಟರಿ ಮುಗಿಯುತ್ತಿತ್ತು. ಆಮೇಲೆ ಊರೊಳಗೆ ಹೋಗಿ ಪ್ಲಗ್ಗು ಕೇಳಬೇಕು.

ನಮ್ಮ ಕಡೆ ಹಳ್ಳಿ ಮನೆಗಳಲ್ಲಿ ಪ್ಲಗ್ಗು ಇರುವುದು ನಡುಮನೆಯಲ್ಲಿ, ಟಿವಿ ಪಕ್ಕ. ಕರೆಂಟು ಕೇಳುವುದೆಂದರೆ ನಡುಮನೆಗೆ ಬರಲೇ ಎಂದು ಕೇಳಿದ ಹಾಗೆ. ಅದಕ್ಕೂ ಮೊದಲು ಮಾತು ಬರುತ್ತದೆ: ಯಾವೂರು, ಯಾರ ಮಗ, ಯಾವ ಪೈಕಿ.

ಹೊಳೆನರಸೀಪುರದ ಕಡೆಯ ಒಂದೂರಿನಲ್ಲಿ ಯಜಮಾನರೊಬ್ಬರು "ಬನ್ನಿ ಮೇಷ್ಟ್ರೇ, ಒಳಿಕ್ ಬನ್ನಿ" ಎಂದು ಎದ್ದು ನಿಂತೇ ಕರೆದರು. ಹೊಸ್ತಿಲ ಹತ್ತಿರ ಊರು ಕೇಳಿದರು. ಹೇಳಿದೆ. ಆ ಊರಲ್ಲಿ ಯಾವ ಬೀದಿ ಅಂದರು. ಅದನ್ನೂ ಹೇಳಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಕೈ ಚಾಚಿ, "ಅದೇನ್ ಮಿಷನ್ನು, ಇತ್ಲಾಗ್ ಕೊಡಿ, ನಾನೇ ಸಿಗಾಕ್ತೀನಿ. ನೀವು ಇಲ್ಲೇ ಗಾಳೀಲಿ ಕುಂತ್ಕಳಿ" ಅಂದರು. ನನ್ನ ಬ್ಯಾಟರಿ ನಡುಮನೆಗೆ ಹೋಯಿತು. ನಾನು ಜಗಲಿಯ ಮೇಲೆ ಉಳಿದೆ. ಒಳ್ಳೆಯವರೇ. ಕಾದು ಕೂತವನಿಗೆ ಎಳನೀರು ಕೆತ್ತಿಸಿ ಕೊಟ್ಟರು. ಎಳನೀರಿಗೆ ಲೋಟ ಬೇಕಾಗುವುದಿಲ್ಲ.

ಆ ಸಂಜೆ ವಾಪಸು ಬರುವ ಬಸ್ಸಿನಲ್ಲೇ ಫೋನು ತೆಗೆದು ಪವರ್ ಬ್ಯಾಂಕುಗಳ ಬಗ್ಗೆ ಓದಲು ಶುರುಮಾಡಿದ್ದು.

ಅದು ಬಂದ ಮೇಲೆ ನನ್ನ ನಡಿಗೆಯೇ ಬದಲಾಯಿತು. ಚನ್ನರಾಯಪಟ್ಟಣದ ಸುತ್ತಿನ ತೆಂಗಿನ ತೋಟಗಳಲ್ಲಿ ನಾನು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗುವಾಗ ಹೆಗಲ ಚೀಲದೊಳಗೆ ಬ್ಯಾಟರಿ ತಾನೇ ತುಂಬಿಕೊಳ್ಳುತ್ತಿತ್ತು. ಯಾರಾದರೂ "ಬನ್ನಿ, ಒಳಗೆ ಚಾರ್ಜಿಗೆ ಹಾಕಿ" ಎಂದರೆ "ಬೇಡ, ನನ್ನ ಹತ್ರ ಇದೆ" ಅನ್ನುತ್ತಿದ್ದೆ. ಆ ಮಾತು ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು. ನನಗಾಗಿ ಹೊಸ್ತಿಲ ಹತ್ತಿರ ಯಾರೂ ಪ್ರಶ್ನೆ ಹುಡುಕಬೇಕಿರಲಿಲ್ಲ. ಕರೆದವರಲ್ಲಿ ಎಷ್ಟೋ ಜನ ಏನೂ ಕೇಳದೆ ಒಳಗೆ ಬಿಡುತ್ತಿದ್ದರೇನೋ. ನಾನು ಅವರಿಗೂ ಆ ಅವಕಾಶ ಕೊಡಲಿಲ್ಲ. ಆಡಿ ಆಡಿ ಆ ಮಾತು ಬಾಯಿಗೆ ರೂಢಿಯಾಗಿಬಿಟ್ಟಿತು. ರೂಢಿ ಎಷ್ಟೆಂದರೆ, ಎದುರಿಗಿರುವವರು ಯಾರು ಎಂದು ನೋಡುವ ಮೊದಲೇ ಹೊರಗೆ ಬರುವಷ್ಟು.

ಕೊಣನೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕವ್ವ ಇದ್ದಾಳೆ, ನನ್ನ ಅವ್ವನ ತಂಗಿ. ಪಿಯುಸಿ ಓದುವಾಗ ನಾನು ಅವಳ ಮನೆಯಲ್ಲೇ ಇದ್ದೆ. ಆ ಮನೆಗೆ ಸರ್ಕಾರ ಕೊಟ್ಟ ಒಂದು ಬಲ್ಬಿನ ಕರೆಂಟು. ಒಲೆಯ ಹತ್ತಿರ ನೇತಾಡುತ್ತಿದ್ದ ಆ ಬಲ್ಬಿಗೆ ಉದ್ದದ ವೈರು ಹಾಕಿಸಿ, ನಾನು ಓದುವ ಮೂಲೆಗೆ ತಂದು ಮೊಳೆಗೆ ಕಟ್ಟಿದ್ದಳು. ತಾನು ಒಲೆಯ ಉರಿಯ ಬೆಳಕಲ್ಲೇ ಮುದ್ದೆ ತಿರುವುತ್ತಿದ್ದಳು. ನಾನು ಬೇಡ ಅಂದರೆ, "ಮುದ್ದೇಗೆ ಬಾಯಿ ದಾರಿ ಗೊತ್ತು ಕಣ್ಲಾ, ಅಕ್ಷರಕ್ ಗೊತ್ತಿಲ್ಲ. ಬೆಳಕ್ನಾಗೆ ಓದ್ಕ" ಅನ್ನುತ್ತಿದ್ದಳು.

ಈ ವರ್ಷ ಅವಳು ಆ ಹಳೇ ಮನೆಯ ಜಾಗದಲ್ಲೇ ತಾರಸಿ ಮನೆ ಕಟ್ಟಿಸಿದಳು. ಹೊಸ ಮನೆ ಒಕ್ಕಲಾದ ದಿನ ನನಗೆ ಪರೀಕ್ಷೆ ಕೆಲಸವಿತ್ತು, ಹೋಗಲಾಗಲಿಲ್ಲ. "ಬಾವಿ ತಾವ ಆ ಕಲ್ಲೈತಲ್ಲ, ಅದ್ರ ಫೋಟ ತೆಗ್ಯಕಾದ್ರೂ ಬಾ" ಎಂದು ಫೋನು ಮಾಡಿದಳು. ಬಾವಿಯ ಪಕ್ಕದ ಆ ವೀರಗಲ್ಲು ನನಗೆ ಗೊತ್ತಿತ್ತು. ಓದುವ ಕಾಲದಲ್ಲಿ ಅದರ ಮೇಲೆ ಅಂಗಿ ಒಣಹಾಕುತ್ತಿದ್ದೆ.

ಒಂದು ಭಾನುವಾರ ಹೋದೆ. ಬಸ್ಸಿಳಿದಾಗ ಬಿಸಿಲು ಸರಿಯಾಗಿ ಓರೆಯಾಗಿತ್ತು. ಅವಳ ಮನೆ ಮುಂದೆಯೇ ಹಾದು, ಮೊದಲು ಕಲ್ಲಿನ ಹತ್ತಿರ ಹೋಗಿ ಕೂತೆ. ಚಿಕ್ಕವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಲೇ, ಒಳಿಕ್ ಬಾರ್ಲಾ, ಮನೆ ನೋಡು."

"ಬಿಸ್ಲು ಓಗ್ಬುಡ್ತದೆ ಚಿಕ್ಕವ್ವ, ಒಸಿ ತಡಿ."

ಹೋದವಳು ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. "ಬ್ಯಾಟ್ರಿ ಮುಗ್ದೋಗಿಲ್ವೇನ್ಲಾ? ಕರೆಂಟೈತೆ, ಬಾ."

ನಾನು ಕ್ಯಾಮೆರಾದಿಂದ ಕಣ್ಣು ತೆಗೆದಿರಲಿಲ್ಲ. "ಬೇಡ, ನನ್ನ ಹತ್ರ ಇದೆ" ಎಂದೆ. ಅವಳ ಜೊತೆ ಯಾವತ್ತೂ ಆಡದ ಪೇಟೆಯ ಕನ್ನಡದಲ್ಲಿ. ಸಾಲದ್ದಕ್ಕೆ ಚೀಲದಿಂದ ಪವರ್ ಬ್ಯಾಂಕನ್ನು ಎತ್ತಿ ತೋರಿಸಿ, "ಈಗ ಯಾರ ಮನೇದೂ ಬೇಕಾಗಿಲ್ಲ" ಎಂದೆ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿ. ಅವಳಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ, ಅದೇ ಆಶ್ಚರ್ಯ.

ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಕ್ಕಳು. "ಬುಡಕ್ಕಾ, ಮೇಷ್ಟ್ರು ನಿನ್ ನಡುಮನೆಗೆಲ್ಲ ಬತ್ತಾರಾ? ಅವರ ಕರೆಂಟ್ನ ಅವರೇ ಒತ್ಕಂಡ್ ತಿರುಗ್ತಾವ್ರೆ."

ನಾನೂ ನಕ್ಕೆ. ಚಿಕ್ಕವ್ವ ನಗಲಿಲ್ಲ. "ಅಂಗಾದ್ರೆ ಸರಿ" ಎಂದು ಹೋದಳು.

ಮೂರನೆಯ ಸಲ ಬಂದಾಗ ಅವಳ ಕೈಯಲ್ಲಿ ಕಾಫಿ ಇತ್ತು. ಪೇಪರ್ ಲೋಟದಲ್ಲಿ.

"ಕುಡಿಯಪ್ಪ. ಒಸಾ ಲೋಟ ಕಣಪ್ಪ, ಈಗ್ಲೇ ಅಂಗ್ಡಿಯಿಂದ ತರ್ಸಿವ್ನಿ."

ನಮ್ಮ ಕೇರಿಗಳಲ್ಲಿ ಪೇಪರ್ ಲೋಟ ತರಿಸುವುದು ಯಾರಿಗೆಂದು ನನಗೆ ಗೊತ್ತು. ಗಣತಿಗೆ ಬಂದವರಿಗೆ, ಓಟು ಕೇಳಲು ಬಂದವರಿಗೆ, ನಮ್ಮ ಮನೆಯ ಲೋಟಕ್ಕೆ ಬಾಯಿ ಇಡುತ್ತಾರೋ ಇಲ್ಲವೋ ಎಂಬ ಅನುಮಾನ ಇರುವ ಯಾರಿಗಾದರೂ. ಬೇಡ ಅನ್ನುವ ಮುಜುಗರ ಅವರಿಗೂ ಬೇಡ, ಅನ್ನಿಸಿಕೊಳ್ಳುವ ನೋವು ನಮಗೂ ಬೇಡ ಎಂದು. ಜಗಲಿಯಲ್ಲಿ ಕೂತವನಿಗೆ ಎಳನೀರು ಕೊಟ್ಟ ಯಜಮಾನರ ಮೇಲೆ ನನಗೆ ಎಷ್ಟು ಸಿಟ್ಟಿತ್ತು! ಇಲ್ಲಿ ನನ್ನ ಚಿಕ್ಕವ್ವನನ್ನು ಅವಳ ಬಾವಿಯ ಹತ್ತಿರವೇ ನಿಲ್ಲಿಸಿ, ಒಂದು ಮಾತಿನಲ್ಲಿ, ಅದನ್ನೇ ಮಾಡಿದ್ದೆ. ಬಂದಾಗ 'ಬಾರ್ಲಾ' ಆಗಿದ್ದವನು ಈಗ 'ಕಣಪ್ಪ' ಆಗಿದ್ದೆ.

ಕಾಫಿ ಕುಡಿದೆ. ಕ್ಯಾಮೆರಾ ಚೀಲಕ್ಕೆ ಹಾಕಿ, "ಬಾ ಚಿಕ್ಕವ್ವ, ಮನೆ ತೋರ್ಸು" ಎಂದೆ.

"ಬಿಸ್ಲು?"

"ಓದ್ರೋಗ್ಲಿ."

ನಡುಮನೆ, ಒಂದು ಕೋಣೆ, ಅಡಿಗೆಮನೆ. ಟಿವಿ ಇದ್ದ ಗೋಡೆಯಲ್ಲಿ ಎಲ್ಲರ ಮನೆಯಲ್ಲೂ ಇರುವಂಥ ಪ್ಲಗ್ಗು. ಆದರೆ ಕಿಟಕಿಯ ಪಕ್ಕ, ಕೂತವರ ಕೈಗೆ ಸಿಗುವಷ್ಟು ಕೆಳಗೆ, ಇನ್ನೊಂದಿತ್ತು. ಅದರ ಕೆಳಗೆ ಅಂಗೈ ಅಗಲದ ಒಂದು ಕಲ್ಲಿನ ಹಲಗೆ. ಹಲಗೆಯ ಮೇಲೆ ಮಡಿಸಿಟ್ಟ ಬಟ್ಟೆ.

"ಇದೇನಿಲ್ಲಿ?" ಎಂದೆ.

ಅವಳು ಬೇರೆ ಕಡೆ ನೋಡುತ್ತ ಹೇಳಿದಳು. "ನೀನೇ ಫೋನ್ನಾಗ್ ಅಂದಿದ್ದಲ್ಲಪ್ಪ, ಓದ್ ಊರಲ್ಲೆಲ್ಲ ಕರೆಂಟ್‌ಗೇ ತಾಪತ್ರಯ ಅಂತ. ವೈರ್ ಎಳ್ಯವನ್ಗೆ ಯೋಳ್ದೆ, ನಮ್ ಮೇಷ್ಟ್ರುಗೆ ಒಂದು ಬ್ಯಾರೆ ಮಾಡ್ಲಾ, ಫೋಟ ತೆಗ್ಯ ಮಿಷನ್ ಮಡಗಕ್ ಜಾಗ ಇರ್ಲಿ ಅಂತ. ಈಗ ನಿನ್ತಾವೇ ಐತಂತಲ್ಲ. ಇರ್ಲಿ ಬುಡು, ಫೋನ್ ಆಕ್ಕಬೌದು."

ಹೊಳೆನರಸೀಪುರದ ಜಗಲಿಯ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಬರೀ ಕರೆಂಟಿನ ತಾಪತ್ರಯ ಅಂದಿದ್ದೆ. ಅಷ್ಟಕ್ಕೇ ಅವಳು ಗೋಡೆ ಕೊರೆಸಿದ್ದಳು. ನಾನು ಏನು ಮಾಡುತ್ತಿದ್ದೇನೆಂದು ಯೋಚಿಸದೆ ಚಾರ್ಜರು ತೆಗೆದು, ಬ್ಯಾಟರಿಗಳನ್ನು ಕೂರಿಸಿ, ಆ ಪ್ಲಗ್ಗಿಗೆ ಸಿಕ್ಕಿಸಿದೆ. ಬಟ್ಟೆಯ ಮೇಲೆ ಅಚ್ಚುಕಟ್ಟಾಗಿ ಇಟ್ಟೆ.

ಕೆಂಪು ದೀಪ ಬರಲಿಲ್ಲ. ಹಸಿರು ಬಂತು. ಬೆಳಿಗ್ಗೆಯಿಂದ ಚೀಲದೊಳಗೇ ತುಂಬಿಕೊಂಡಿದ್ದವು ಅವು.

ಚಿಕ್ಕವ್ವ ಬಗ್ಗಿ ನೋಡಿದಳು. ಅವಳಿಗೆ ಓದು ಬರುವುದಿಲ್ಲ, ಆದರೆ ಫೋನು ಇಟ್ಟುಕೊಂಡವರಿಗೆಲ್ಲ ಗೊತ್ತಿರುವುದು ಅವಳಿಗೂ ಗೊತ್ತು.

"ಹಸ್ರು ಬಂದ್ರೆ ತುಂಬೈತೆ ಅಂತ ಅಲ್ವೇನ್ಲಾ?"

ನಾನು ಹಲಗೆಯ ಮೇಲಿನ ಬಟ್ಟೆಯ ಮಡಿಕೆ ಸರಿಮಾಡಿದೆ.

"ಎಲ್ಲೋ ಉಂಡ್ಕಂಡ್ ಬಂದು ನಮ್ಮನೇಲಿ ಎಲೆ ಮುಂದೆ ಕುಂತಂಗಾಯ್ತು ಇದು. ನನ್ನೇನ್ ದಡ್ಡಿ ಅನ್ಕಂಡಿದ್ದೀಯಾ?" ಪ್ಲಗ್ಗಿನಿಂದ ಚಾರ್ಜರು ಕಿತ್ತು ನನ್ನ ಕೈಗೆ ಕೊಟ್ಟಳು. "ಬ್ಯಾಡ ಕಣ್ಲಾ ಈ ಆಟ. ಮುಂದ್ಲ ಸಲಿ ಖಾಲಿ ತಕಂಡ್ ಬಾ."

'ಲಾ' ವಾಪಸು ಬಂದಿತ್ತು. ಮಧ್ಯಾಹ್ನ ಅವಳ ಸ್ಟೀಲು ಲೋಟದಲ್ಲಿ ಎರಡು ಸಲ ಮಜ್ಜಿಗೆ ಕುಡಿದೆ, ಬೇಕಾಗಿರದಿದ್ದರೂ. ಅವಳು ಅದನ್ನೂ ಗಮನಿಸಿದಳು ಅಂತ ಕಾಣುತ್ತದೆ. ಹೊರಡುವಾಗ ಉಳಿದ ಪೇಪರ್ ಲೋಟಗಳ ಕಟ್ಟು ಅಡಿಗೆಮನೆ ಕಿಟಕಿಯಲ್ಲಿ ಕಾಣಿಸಿತು. ಒಂದೇ ಲೋಟಕ್ಕೆ ಇಡೀ ಕಟ್ಟು ತರಿಸಿದ್ದಳು. ಅಂಗಡಿಯವರು ಬಿಡಿಯಾಗಿ ಕೊಡುವುದಿಲ್ಲ. ಮಿಕ್ಕವನ್ನು ಯಾರಿಗಾಗಿ ಇಟ್ಟುಕೊಂಡಿದ್ದಾಳೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಪವರ್ ಬ್ಯಾಂಕು ಈಗಲೂ ಚೀಲದಲ್ಲಿದೆ. ಅದನ್ನು ಬಿಡಲಾರೆ, ಬೇರೆ ಊರುಗಳ ಹೊಸ್ತಿಲುಗಳು ಇದ್ದಲ್ಲೇ ಇವೆ. ಅದನ್ನು ಆರಿಸಿಕೊಂಡದ್ದು ತಪ್ಪು ಅಂತಲೂ ನನಗೆ ಅನ್ನಿಸಿಲ್ಲ. ಅದು ಸಣ್ಣ ಕರೆಂಟಿಗೂ ಆರದೆ ನಿಲ್ಲುತ್ತದೆ, ಅಂಗಡಿಯಲ್ಲಿ ಕೂತು ಪರೀಕ್ಷೆ ಮಾಡಿ ತಂದಿದ್ದೇನೆ. ಆದರೆ ಕೊಣನೂರಿನಿಂದ ಬಂದ ಮೇಲೆ ಒಂದು ಬ್ಯಾಟರಿಯನ್ನು ಖಾಲಿ ಮಾಡಿ ಚೀಲದ ಪಕ್ಕದ ಜೇಬಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಮೊನ್ನೆ ಚನ್ನರಾಯಪಟ್ಟಣದ ಕಡೆ ಸಂಜೆಯ ಒಳ್ಳೇ ಬಿಸಿಲಿನಲ್ಲಿ ಉಳಿದ ಬ್ಯಾಟರಿಗಳು ಮುಗಿದವು. ಪವರ್ ಬ್ಯಾಂಕಿನಿಂದ ತುಂಬಿಸಿಕೊಳ್ಳಲು ಹೊತ್ತಿರಲಿಲ್ಲ. ಜೇಬಿನ ಆ ಒಂದನ್ನೂ ತುಂಬಿಸಿಟ್ಟುಕೊಂಡಿದ್ದರೆ ಇನ್ನೊಂದು ಕಲ್ಲು ಸಿಗುತ್ತಿತ್ತು. ಅದರ ಮೇಲಿನ ಬಿಸಿಲು ಆರುವುದನ್ನು ನೋಡುತ್ತ ನಿಂತೆ.

ಚಿಕ್ಕವ್ವನ ಮನೆಗೆ ಇನ್ನೂ ಹೋಗಿಲ್ಲ. ಶಾಲೆ, ಮೌಲ್ಯಮಾಪನ, ಅದೂ ಇದೂ ಅನ್ನುತ್ತಿದ್ದೇನೆ. ಬ್ಯಾಟರಿ ಖಾಲಿಯಾಗಿಯೇ ಇದೆ.