ಮಡಿವಾಳೆಪ್ಪನವರ ಫೋನು

ಊರಿಗಿದ್ದ ಒಂದೇ ಫೋನು ಹತ್ತಿ ವ್ಯಾಪಾರಿ ಮಡಿವಾಳೆಪ್ಪನವರ ಅಂಗಡಿಯಲ್ಲಿತ್ತು. ಅದು ಗಣಗಣಿಸಿದೊಡನೆ ಅವರು ಮೊದಲು ರುಮಾಲು ಸುತ್ತಿಕೊಳ್ಳುವರು. ಬರಿದಲೆಯಲ್ಲಿ ಹುಬ್ಬಳ್ಳಿಯವರೊಡನೆ ಮಾತಾಡುವುದು ಮರ್ಯಾದೆಯಲ್ಲ ನೋಡಿ. ಆಮೇಲೆ ‘ಹಲೋ’ ಎಂದು ಕೂಗಿದರೆ ಎದುರಿನ ಬೇವಿನಮರದ ಕಾಗೆಗಳೆಲ್ಲ ಏಳುತ್ತಿದ್ದವು. ಮಗಳೊಡನೆ ಮಾತಾಡಲು ಬಂದ ತಾಯಿಯ ಕೈಗೂ ಫೋನು ಕೊಡುವವರಲ್ಲ. “ನೀ ನನಗ ಹೇಳವಾ, ನಾ ಆಕಿಗೆ ಹೇಳತೀನಿ. ಇದು ಅಗದಿ ನಾಜೂಕ ಮಶೀನು.” ಹೀಗಾಗಿ ಎಲ್ಲರ ಮನೆಯ ಬಸಿರು, ಬಾಣಂತನ, ಅತ್ತೆಯ ಕಾಟ ಅವರ ಗಂಟಲಿನಿಂದಲೇ ಊರಿಗೆ ತಿಳಿಯುತ್ತಿತ್ತು. ಸಾವಿನ ಸುದ್ದಿಗೆ ಮಾತ್ರ ಅವರು ಯಾರನ್ನೂ ಅಂಗಡಿಗೆ ಕರೆಸದೆ ತಾವೇ ನಡೆದುಹೋಗುವರು. ಸುದ್ದಿ ಮುಟ್ಟಿದರೆ ಹೆಣ ಮಣ್ಣಾಗುವತನಕ ಆ ಮನೆಯವರು ಅನ್ನ ಮುಟ್ಟುವುದಿಲ್ಲವೆಂಬುದು ಅವರಿಗೆ ಗೊತ್ತು. ನೀಲಕ್ಕನ ಅಣ್ಣ ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡ ದಿನ, ಆಗತಾನೇ ಉಂಡಿದ್ದ ಮಡಿವಾಳೆಪ್ಪ ಅವಳ ಪಡಸಾಲೆಯಲ್ಲಿ ಹೋಗಿ ಕೂತರು. “ನೀಲಕ್ಕ, ಹೊಟ್ಟಿ ಹಸದೈತಿ, ರೊಟ್ಟಿ ಹಾಕು. ನೀನೂ ಕೂಡು, ಒಬ್ಬನ ಉಣ್ಣಾಕ ನನಗ ಸೇರೂದಿಲ್ಲ.” “ಫೋನ್ ಒಂದನ ಬಿಟ್ಟ ಬಂದೀರಲ್ರಿ ಸಾವ್ಕಾರ್ರ, ಅಳತೈತಿ ನೋಡ್ರಿ,” ಎಂದು ನಗುತ್ತ ಅವಳು ಬಡಿಸಿ ತಾನೂ ಕೂತಳು. ತುಂಬಿದ ಹೊಟ್ಟೆಗೆ ಇನ್ನೂ ತುರುಕುತ್ತ, ಅವಳ ತಾಟು ಬರಿದಾಗುವತನಕ ಅವರು ಮಳೆಯ ಮಾತಾಡಿದರು. ಅವಳು ಕೈ ತೊಳೆದು ಬಂದ ಮೇಲೆ ಹೇಳಿದರು: “ಜೀಪ್ ತರಸೀನಿ ತಂಗಿ. ಹುಬ್ಬಳ್ಳಿಗೆ ಹೋಗೂಣು.”