ಕಡವಿನಲ್ಲಿ ಲಾರಿ ಇಲ್ಲದ ಹೆಂಗಸು

ಪಂಚಾಯತ್ ಚುನಾವಣೆ ಇರುವುದು ಬರುವ ಮಳೆಗಾಲ ಕಳೆದ ಮೇಲೆ. ಆದರೆ ನಮ್ಮ ಪಕ್ಷದವರು ಅಧ್ಯಕ್ಷ ಸ್ಥಾನಕ್ಕೆ ಜನ ಹುಡುಕಲು ಈಗಲೇ ಹೊರಟಿದ್ದಾರೆ. ಹೊರಟಿದ್ದಾರೆ ಎಂದು ಬರೆದದ್ದು ತಪ್ಪು. ಜಗಲಿಯಿಂದ ಕೆಳಗೆ ಇಳಿದೇ ಇಲ್ಲ. ಐದು ವರ್ಷದ ಹಿಂದೆ ಕೂತಿದ್ದ ಅದೇ ಜಗಲಿ, ಅವೇ ಮುಖಗಳು. ಚಾದ ಗ್ಲಾಸು ಮಾತ್ರ ಹೊಸತು.

‘ಪಕ್ಷದ ಹೊರಗಿನವರನ್ನು ಮಾಡಿ’ ಎಂದು ನಾನು ಬಾಯಿ ತೆರೆದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳುಮರಳು ಎಂದು ಅರ್ಥ. ಹಾಗಾಗಿ ಹೇಳುವುದನ್ನು ಬಿಟ್ಟು ಬರೆಯಲು ಕೂತಿದ್ದೇನೆ. ಈ ಪಕ್ಷದ ಗೋಡೆಬರಹ ಬರೆಯುತ್ತಲೇ ಅಕ್ಷರ ಕಲಿತವನು ನಾನು. ಕಾಗದದ ಮೇಲೆ ಬರೆಯಲಿಕ್ಕೆ ನನಗೆ ಯಾರ ಅಪ್ಪಣೆಯೂ ಬೇಡ. ಬರೆಯುವುದು ಜಲಜಾಕ್ಷಿಯ ವಿಷಯ.

ಜಲಜಾಕ್ಷಿ ಹುಟ್ಟಿದ್ದು ಶಿರಿಯದ ಕಡಲ ಕರೆಯಲ್ಲಿ. ಮದುವೆಯಾಗಿ ಬಂದದ್ದು ಒಳಗೆ, ನಮ್ಮ ಕೊಳಕೆಬೈಲಿಗೆ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ತಲೆಯ ಮೇಲೆ ಮೀನಿನ ಕುಕ್ಕೆ ಇಟ್ಟುಕೊಂಡಳು. ಆ ಕುಕ್ಕೆ ಇಂದಿಗೂ ಇಳಿದಿಲ್ಲ. ಬ್ಯಾರಿಗಳ ಅಂಗಳದಲ್ಲಿ ಬ್ಯಾರಿ ಮಾತು, ಬೈಲಿನಲ್ಲಿ ತುಳು, ಕನ್ನಡದವರ ಹತ್ತಿರ ಕನ್ನಡ, ಕಚೇರಿಯಲ್ಲಿ ಮಲಯಾಳ. ಬೈಗುಳಕ್ಕೆ ಮಾತ್ರ ಅವಳು ಭಾಷೆ ಬದಲಿಸುವುದಿಲ್ಲ. ತುಳುವಿನಲ್ಲಿ ಶುರು ಮಾಡಿ ತುಳುವಿನಲ್ಲೇ ಮುಗಿಸುತ್ತಾಳೆ. ಯಾವ ಪಕ್ಷದ ಜಾಥಾದಲ್ಲೂ ಅವಳನ್ನು ಕಂಡವರಿಲ್ಲ. ಜಾಥಾ ಎದುರು ಬಂದರೆ ಕುಕ್ಕೆ ಸಮೇತ ನಡುವಿನಿಂದ ಹಾದು ಹೋಗುತ್ತಾಳೆ. ಮೀನಿನ ನೀರು ಅಂಗಿಗೆ ತಾಗೀತು ಎಂದು ಕಾರ್ಯಕರ್ತರೇ ದಾರಿ ಬಿಡುತ್ತಾರೆ.

ನಮ್ಮ ಬೈಲಿನ ಬದಿಯಲ್ಲಿ ಹರಿಯುವುದು ಶಿರಿಯ ಹೊಳೆಯ ಒಂದು ಕವಲು. ಮಳೆ ನಿಂತು ಹೊಳೆಯ ಸೆಳೆತ ಕುಗ್ಗಿದ ಕೂಡಲೇ ಉಬ್ಬರದ ಹೊತ್ತಿಗೆ ಕಡಲಿನ ನೀರು ಅದರಲ್ಲಿ ಮೇಲೇರುತ್ತದೆ. ಏರಿದರೆ ಬಾವಿಗಳೆಲ್ಲ ಉಪ್ಪು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಾಳೆಯ ಎಲೆ ಅಂಚಿನಿಂದ ಕರಟಿ ಬರುತ್ತದೆ. ಅದಕ್ಕಾಗಿ ಪ್ರತಿ ವರ್ಷ ಹೊಳೆಗೆ ಅಡ್ಡ ಕಟ್ಟ ಹಾಕುವುದು ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಎರಡು ಸಾಲು ಗೂಟ, ಅದಕ್ಕೆ ಅಡಕೆಯ ಸಲಾಕೆ, ನಡುವೆ ಮಣ್ಣು, ಸೋಗೆ, ಬೈಹುಲ್ಲು ತುಳಿದು ತುಂಬಬೇಕು. ಇಳಿತದ ಹೊತ್ತಿನಲ್ಲಿ, ಒಂದೇ ದಿನದಲ್ಲಿ ಮುಗಿಯಬೇಕು. ಪ್ರತಿ ಮನೆಯಿಂದ ಜನ ಬರಬೇಕು.

ಬರುತ್ತಾರೆಯೆ? ಬರುವುದಿಲ್ಲ. ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಮಂಗಳೂರಿನಲ್ಲಿ ಕೆಲಸ, ಇನ್ನೊಬ್ಬನಿಗೆ ಪಕ್ಕದ ಮನೆಯವನ ಮುಖ ಕಂಡರಾಗದು. ಈ ಜನರನ್ನೆಲ್ಲ ಕಟ್ಟಕ್ಕೆ ಎಳೆದು ತರುತ್ತಿದ್ದದ್ದು ಜಲಜಾಕ್ಷಿ. ಮೀನು ಮಾರುತ್ತಾ ಅಂಗಳ ಅಂಗಳದಲ್ಲಿ ದಿನ ಹೇಳಿ ಹೋಗುವಳು. ಜನ ಕಳಿಸದ ಮನೆಗೆ ಮಳೆ ಬರುವ ತನಕ ಅವಳ ಕುಕ್ಕೆಯಿಂದ ಒಂದು ಬೂತಾಯಿಯೂ ಸಿಗದು. ಮೀನು ತಿನ್ನದ ಮನೆಯಾದರೆ ದಂಡನೆ ಬೇರೆ: ಗೇಟಿನ ಎದುರು ಕುಕ್ಕೆ ಇಳಿಸಿ, ಮುಚ್ಚಿದ ಸೋಗೆ ತೆಗೆದು, ವೀಳ್ಯ ಜಗಿಯುತ್ತಾ ಕೂತುಬಿಡುವಳು. ಗಾಳಿ ಮನೆಯ ಕಡೆಗೆ ಬೀಸಬೇಕು ಅಷ್ಟೆ. ಊಟದ ಹೊತ್ತಿಗೆ ಆ ಮನೆಯ ಯಜಮಾನರು ಹಾರೆ ಹಿಡಿದುಕೊಂಡು ಹೊರಬರುವರು.

ಗೌರೀಶಂಕರ ಮಾಷ್ಟ್ರ ಗೇಟಿನ ಎದುರೂ ಒಮ್ಮೆ ಹೀಗೆ ಕೂತಿದ್ದಳು. ಮಾಷ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ನಮ್ಮ ಪಕ್ಷದ ಸ್ಥಳೀಯ ಕಾರ್ಯದರ್ಶಿ. ಆ ಕುಕ್ಕೆಯ ವಾಸನೆ ಅವರ ಮೂಗಿನಿಂದ ಇನ್ನೂ ಹೋಗಿಲ್ಲ ಎಂದು ನನ್ನ ಗುಮಾನಿ.

ಇಷ್ಟರಲ್ಲಿ ಕಟ್ಟದ ಬುಡದಲ್ಲೇ ಹೊಯ್ಗೆಯ ಕಡವು, ಹೊಳೆಯ ಮರಳು ಎತ್ತಿ ತುಂಬುವ ಜಾಗ, ತೆರೆಯಿತು. ಮೊದಲು ದೋಣಿಗಳು ನಿಲ್ಲುತ್ತಿದ್ದ ಜಾಗ ಅದು. ಆಮೇಲೆ ಲಾರಿಗಳು ನಿಂತವು. ಹೊಳೆಯ ಹೊಟ್ಟೆ ಬಗೆದು ಹೊಯ್ಗೆ ತೆಗೆದ ಹಾಗೆ ಗೂಟಕ್ಕೆ ನೆಲ ಸಿಗದೇ ಹೋಯಿತು. ಕಟ್ಟಿದ ಕಟ್ಟ ಅಡಿಯಿಂದ ಜರಿಯತೊಡಗಿತು. ಕಡವಿಗೆ ಪಾಸು ಕೊಡುವುದು ಪಂಚಾಯತ್. ಮುಚ್ಚಬೇಕಾದದ್ದೂ ಪಂಚಾಯತ್. ಮುಚ್ಚುವವರು ಯಾರು? ಗೌರೀಶಂಕರ ಮಾಷ್ಟ್ರ ಭಾವನಿಗೆ ಅಲ್ಲಿ ಲಾರಿ ಉಂಟು. ಆಚೆ ಪಕ್ಷದ ಮುಖಂಡ, ಪೇಟೆಯಲ್ಲಿ ಸಿಮೆಂಟು ಅಂಗಡಿ ಇಟ್ಟ ಸಲಾಂ, ಅವನಿಗೂ ಉಂಟು. ಹಗಲು ಮೈಕಿನಲ್ಲಿ ಒಬ್ಬರನ್ನೊಬ್ಬರು ಹರಿದು ತಿನ್ನುವವರ ಲಾರಿಗಳು ಕಡವಿನಲ್ಲಿ ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಲ್ಲುತ್ತಿದ್ದವು. ಇದನ್ನು ಸೌಹಾರ್ದ ಎಂದು ಕರೆಯಬೇಕೋ ಏನೋ ನನಗೆ ತಿಳಿಯದು.

ಎರಡು ಸಾವಿರದ ಹತ್ತರಲ್ಲಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗಿ ಬಂತು. ಮಾಷ್ಟ್ರ ಜಗಲಿಯಲ್ಲಿ ಸಭೆ ಕೂತಾಗ ನಾನು ಎದ್ದು ಹೇಳಿದೆ: “ಜಲಜಾಕ್ಷಿಯನ್ನು ಮಾಡಿ.”

“ಮೆಂಬರ್‌ಶಿಪ್ ಇಲ್ಲ ಅವಳಿಗೆ,” ಎಂದರು ಮಾಷ್ಟ್ರು.

“ಲಾರಿಯೂ ಇಲ್ಲ,” ಎಂದೆ ನಾನು.

ಯಾರೋ ನಕ್ಕರು. ಮಾಷ್ಟ್ರು ನಗಲಿಲ್ಲ. “ನಾಳೆ ನಮ್ಮ ಮಾತು ಕೇಳದಿದ್ದರೆ ಎಂತ ಮಾಡುವುದು?”

“ಯಾರ ಮಾತೂ ಕೇಳುವುದಿಲ್ಲ, ಅದಕ್ಕೇ ಹೇಳಿದ್ದು. ನಮ್ಮೊಳಗೆ ಯಾರನ್ನು ಕೂರಿಸಿದರೂ ಅವರಿಗೊಬ್ಬ ಭಾವ, ಭಾವನಿಗೊಂದು ಲಾರಿ. ಆ ಕಡವಿಗೆ ಬೀಗ ಹಾಕುವ ಕೈ ಈ ಜಗಲಿಯಲ್ಲಿ ಒಂದಾದರೂ ಉಂಟಾ? ಇದ್ದರೆ ತೋರಿಸಿ. ನಾನು ಕೂತುಕೊಳ್ಳುತ್ತೇನೆ.”

ಯಾರೂ ತೋರಿಸಲಿಲ್ಲ. ಆದರೆ ಕೊಳಕೆಬೈಲಿನ ವಾರ್ಡು ನಮ್ಮ ಪಕ್ಷಕ್ಕೆ ಒಮ್ಮೆಯೂ ಬಂದದ್ದಲ್ಲ. ಅಲ್ಲಿ ಗೆಲ್ಲುವುದಾದರೆ ಅವಳೊಬ್ಬಳೇ ಎಂಬುದು ಮಾಷ್ಟ್ರಿಗೂ ಗೊತ್ತಿತ್ತು. ಮಾರನೆಯ ದಿನ ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಹೊಳೆಯ ತಿರುವಿನಲ್ಲಿ, ಕಟ್ಟಕ್ಕಿಂತ ಸ್ವಲ್ಪ ಮೇಲೆ ಅವಳ ಮನೆ. ಅಂಗಳದಲ್ಲೇ ಬಾವಿ.

“ಸ್ವತಂತ್ರ ನಿಲ್ಲಿ ಜಲಜಕ್ಕ, ನಮ್ಮ ಬೆಂಬಲ ಉಂಟು. ಗೆದ್ದರೆ ಅಧ್ಯಕ್ಷರು ನೀವೇ,” ಎಂದರು.

“ಹೌದಾ? ಕಡವು ಮುಚ್ಚಲಿಕ್ಕೆ ಬಿಡ್ತೀರಾ?”

“ಅಧ್ಯಕ್ಷರ ಅಧಿಕಾರ ಅದು. ನಾವು ಯಾರು ಬಿಡಲಿಕ್ಕೆ?”

“ನಿಮ್ಮ ಭಾವನನ್ನು ಕೇಳಿದ್ದೀರಾ ಮಾಷ್ಟ್ರೇ? ಆಮೇಲೆ ಮನೆಯಲ್ಲಿ ಊಟ ಸಿಗದೇ ಹೋದೀತು.”

ಮಾಷ್ಟ್ರು ಅವಳ ಬಾವಿಯ ನೀರು ಕುಡಿದು, ಒಳ್ಳೆಯ ನೀರು ಎಂದು ಹೊಗಳಿ, ಮಾತು ಕೊಟ್ಟು ಎದ್ದರು. ನಾನು ಸಾಕ್ಷಿ.

ಅವಳ ಹೆಸರನ್ನು ಆ ಸಲ ನಾನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದೆ, ಗೋಡೆ ಸಾಲದೆ ಹೊಳೆಯ ಬದಿಯ ಬಂಡೆಯ ಮೇಲೂ ಬರೆದೆ. ಅವಳು ಓಟು ಕೇಳಲು ಬೇರೆ ತಿರುಗಲಿಲ್ಲ. ಕುಕ್ಕೆ ಹೊತ್ತು ಹೋಗುವ ದಾರಿಯಲ್ಲೇ ಕೇಳಿದಳು. “ಓಟು ಹಾಕದಿದ್ದರೆ ಮೀನು ಇಲ್ಲವಾ ಜಲಜಕ್ಕ?” ಎಂದು ಬ್ಯಾರಿಗಳ ಮನೆಯ ಫಾತಿಮಾ ಕೀಟಲೆ ಮಾಡಿದಾಗ, “ಓಟು ನಿನ್ನದು ಮಾರಾಯ್ತಿ, ಯಾರಿಗಾದರೂ ಹಾಕು. ಕಟ್ಟಕ್ಕೆ ಗಂಡನನ್ನು ಕಳಿಸದಿದ್ದರೆ ನೋಡು,” ಎಂದಳಂತೆ. ಗೆದ್ದಳು. ಸುಮ್ಮನೆ ಗೆದ್ದದ್ದಲ್ಲ, ಉಳಿದವರ ಠೇವಣಿ ನುಂಗಿ ಗೆದ್ದಳು.

ಒಟ್ಟು ಲೆಕ್ಕದಲ್ಲಿ ನಮ್ಮವರೂ ಆಚೆಯವರೂ ಸಮ ಸಮ. ನಡುವೆ ಅವಳೊಬ್ಬಳು.

ಅಧ್ಯಕ್ಷರನ್ನು ಆರಿಸುವ ದಿನ ಪಂಚಾಯತ್ ಹಾಲಿನ ಕಿಟಕಿಯಲ್ಲಿ ನಿಂತು ನಾನು ನೋಡುತ್ತಿದ್ದೆ. ಜಲಜಾಕ್ಷಿ ಕುಕ್ಕೆ ಇಲ್ಲದೆ, ಇಸ್ತ್ರಿ ಹಾಕಿದ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಕೂತಿದ್ದಳು. ಚುನಾವಣಾಧಿಕಾರಿ ಹೆಸರು ಸೂಚಿಸಿ ಎಂದರು. ನಮ್ಮ ಪಕ್ಷದವನೊಬ್ಬ ಎದ್ದು, “ಸೌದಾಮಿನಿ” ಎಂದ. ಇನ್ನೊಬ್ಬ ಅನುಮೋದಿಸಿದ. ಸೌದಾಮಿನಿ ಮಾಷ್ಟ್ರ ತಮ್ಮನ ಹೆಂಡತಿ. ಪಾಪದವಳು, ತನ್ನ ಹೆಸರು ಕೇಳಿ ಅವಳೇ ನೆಲ ನೋಡಿದಳು. ಆಚೆಯವರು ತಮ್ಮದೊಂದು ಹೆಸರು ಹೇಳಿದರು. ಮಾಷ್ಟ್ರು ನನ್ನ ಪಕ್ಕದಲ್ಲೇ, ಅದೇ ಕಿಟಕಿಯಲ್ಲಿ ನಿಂತಿದ್ದರು.

“ಇದೆಂತದು ಮಾಷ್ಟ್ರೇ?”

“ಮೇಲಿನಿಂದ ಬಂದ ತೀರ್ಮಾನ.”

ಮೇಲೆ ಅಂದರೆ ಎಲ್ಲಿ? ಅವರ ಮನೆಯ ಮಾಳಿಗೆಯಲ್ಲಿಯೇ? ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಜಲಜಾಕ್ಷಿ ಎದ್ದು ನಿಂತಳು. ಆಚೆಯ ಸಾಲಿನಲ್ಲಿ ಸದಸ್ಯನಾಗಿ ಕೂತಿದ್ದ ಸಲಾಂ ಕೂಡಲೇ ಬಾಗಿ, “ಜಲಜಕ್ಕ, ಈಚೆ ಬನ್ನಿ. ಬೇಕಾದರೆ ನಿಮ್ಮದೇ ಹೆಸರು ಹೇಳ್ತೇವೆ,” ಎಂದ.

“ಕಡವು ಮುಚ್ಚುವುದಾ ಸಲಾಮಿಚ್ಚ?”

“ಅದೆಲ್ಲ ಆಮೇಲೆ ಕೂತು ಮಾತಾಡುವ.”

ಅವಳು ಇಡೀ ಹಾಲಿಗೆ ತಿರುಗಿದಳು. ಬೈಲಿನ ಆಚೆ ಬದಿಗೆ ‘ಬಂಗುಡೆ ಬಂತೇ’ ಎಂದು ಕೂಗುವ ಗಂಟಲು ಅದು, ಮೈಕು ಬೇಕಾಗಲಿಲ್ಲ. “ಹೊಯ್ಗೆ ಕಡವು ಮುಚ್ಚುವವರು ಕೈ ಎತ್ತಿ. ಅಧ್ಯಕ್ಷರು ಯಾರು ಬೇಕಾದರೂ ಆಗಿ. ನನ್ನ ಓಟು ಅವರಿಗೆ.”

ಈ ಕಡೆಯ ಕೈಗಳು ಮಡಿಲಲ್ಲಿ. ಆ ಕಡೆಯ ಕೈಗಳು ಮಡಿಲಲ್ಲಿ. ಸೌದಾಮಿನಿಯ ಬೆರಳು ಸೆರಗಿನ ತುದಿಯನ್ನು ಸುತ್ತಿತು, ಬಿಚ್ಚಿತು, ಮೇಲೆ ಬರಲಿಲ್ಲ.

“ಹಾಗಾದರೆ ನಿಮ್ಮೊಳಗೆ ಜಗಳ ಯಾವುದಕ್ಕೆ?” ಎಂದು ಕೇಳಿ ಜಲಜಾಕ್ಷಿ ಹೊರಗೆ ನಡೆದಳು. ಓಟು ಸಮ ಸಮ ಬಿತ್ತು. ಚೀಟಿ ಎತ್ತಿದರು. ಯಾರ ಹೆಸರು ಬಂತು ಎಂದು ನಾನು ಬರೆಯುವುದಿಲ್ಲ. ಸಾಯಂಕಾಲ ಕಡವಿನಲ್ಲಿ ಎಂದಿನ ಹಾಗೆ ಲಾರಿಗಳು ನಿಂತಿದ್ದವು.

ಆ ವರ್ಷವೂ ಅವಳು ಜನ ಸೇರಿಸಿ ಕಟ್ಟ ಹಾಕಿಸಿದಳು. ಬೇಸಗೆ ಏರುವ ಮೊದಲೇ ಕಟ್ಟ ನಡುವಿನಲ್ಲಿ ಕುಸಿದು ಹೋಯಿತು. ಅಡಿಯಲ್ಲಿ ಹೊಯ್ಗೆಯೇ ಇಲ್ಲ, ಆನೆ ಮುಳುಗುವ ಗುಂಡಿ. ಬೈಲಿನ ಬಾವಿಗಳೆಲ್ಲ ಉಪ್ಪಾದವು. ಮಾಷ್ಟ್ರ ಬಾವಿಯೂ, ಫಾತಿಮಾಳ ಬಾವಿಯೂ, ನನ್ನದೂ. ಪಂಚಾಯತ್ ಟ್ಯಾಂಕರಿನಲ್ಲಿ ನೀರು ಕಳಿಸಿತು. ಟ್ಯಾಂಕರು ಎಳೆದದ್ದು ಯಾರ ಲಾರಿ ಎಂದು ಬೇರೆ ಹೇಳಬೇಕೇ? ಊರಿಗೆ ಉಪ್ಪು ಕುಡಿಸಿದವರೇ ಊರಿಗೆ ನೀರು ತಂದು, ಫೋಟೋ ತೆಗೆಸಿಕೊಂಡರು!

ಮುಂದಿನ ವರ್ಷ ಕಟ್ಟದ ದಿನ ಬಂತು. ಹಾರೆ ಬುಟ್ಟಿ ಹಿಡಿದು ಹಳೆಯ ಜಾಗದಲ್ಲಿ ನಿಂತಿದ್ದವರ ಎದುರು ಜಲಜಾಕ್ಷಿ ಹೊಳೆಗೆ ಇಳಿಯಲೇ ಇಲ್ಲ. “ಇಲ್ಲಿ ಬೇಡ. ಮೇಲೆ ಬನ್ನಿ,” ಎಂದಳು. ತಿರುವು ದಾಟಿ ಮೇಲಕ್ಕೆ ನಡೆದಳು. ಅಲ್ಲಿ ಲಾರಿ ಇಳಿಯಲು ದಾರಿ ಇಲ್ಲ, ಹೊಳೆಯ ನೆಲ ಗಟ್ಟಿ ಉಂಟು. ಗೂಟ ಊರಲು ತಕ್ಕ ಜಾಗವೇ. ಆದರೆ ಹಳೆಯ ಜಾಗಕ್ಕೂ ಈ ಜಾಗಕ್ಕೂ ನಡುವೆ ಒಂದೇ ಒಂದು ಮನೆ ಇತ್ತು. ಜಲಜಾಕ್ಷಿಯದು.

ನಾನು ಹೇಳಿದೆ, “ಜಲಜಾ, ನಿನ್ನ ಬಾವಿ ಕಟ್ಟದ ಕೆಳಗೆ, ಉಪ್ಪಿನ ಬದಿಗೆ ಉಳಿಯುತ್ತದಲ್ಲ.”

“ನನಗೆ ಕಣ್ಣು ಕಾಣ್ತದೆ ಅಣ್ಣ. ಗೂಟ ಕೊಡಿ.”

“ಒಂದು ಮಾತು ಯೋಚನೆ ಮಾಡು.”

“ಯೋಚನೆ ಮಾಡುವವರು ಪಂಚಾಯತಿನಲ್ಲಿ ಬೇರೆ ಇದ್ದಾರೆ. ಇಳಿತ ಮುಗಿದರೆ ನೀರು ನಿಮ್ಮ ಅಜ್ಜನಿಗೆ ಕಾಯ್ತದಾ?”

ಮೊದಲ ಗೂಟಕ್ಕೆ ಪೆಟ್ಟು ಹಾಕಿದ್ದು ಅವಳೇ. ಫಾತಿಮಾಳ ಗಂಡ ಮಣ್ಣಿನ ಬುಟ್ಟಿ ಹಿಡಿದು ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಅವನಿಗೂ ಅವಳಿಂದಲೇ ಬೈಗುಳ ಬಿತ್ತು. ಕಟ್ಟ ನಿಂತಿತು. ಅಂದಿನಿಂದ ಪ್ರತಿ ವರ್ಷ ಅಲ್ಲೇ ನಿಲ್ಲುತ್ತಿದೆ. ಬೈಲಿಗೆಲ್ಲ ಸಿಹಿ ನೀರು. ಮಾಷ್ಟ್ರ ಬಾವಿಗೂ ಸಿಹಿ, ಅವರ ಭಾವನ ಬಾವಿಗೂ ಸಿಹಿ. ಜಲಜಾಕ್ಷಿ ಮಾತ್ರ ಬೇಸಗೆ ಪೂರಾ ಫಾತಿಮಾಳ ಬಾವಿಯಿಂದ ಕೊಡಪಾನ ಹೊರುತ್ತಾಳೆ. ಮೀನು ಮಾರಿ ಬಂದ ಮೇಲೆ ಮೈ ತೊಳೆಯಲಿಕ್ಕೂ ಅದೇ ನೀರು.

ಕಳೆದ ವಾರ ಮಾಷ್ಟ್ರು ಪುನಃ ನನ್ನನ್ನು ಕರೆದುಕೊಂಡು ಅವಳಲ್ಲಿಗೆ ಹೋದರು. ಬೈಲಿನ ವಾರ್ಡಿಗೆ ಅವಳೇ ಬೇಕು, ಸ್ವತಂತ್ರ, ನಮ್ಮ ಬೆಂಬಲ. ಅದೇ ಪಾಠ. ಅವಳು ಒಳಗೆ ಹೋಗಿ ಚಾ ಮಾಡಿ ತಂದಳು. ಮಾಷ್ಟ್ರು ಒಂದು ಗುಟುಕು ಕುಡಿದರು. ಮುಖ ಹಿಂಡಿತು. ಉಗಿಯಲು ಜಾಗ ನೋಡಿದರು. ಎದುರಿಗೆ ಅವಳು ನಿಂತಿದ್ದಳು.

“ಎಂತ ಮಾಷ್ಟ್ರೇ, ಸಕ್ಕರೆ ಕಡಿಮೆಯಾಯ್ತಾ? ನನ್ನ ಬಾವಿಯ ನೀರು. ಅವತ್ತು ಒಳ್ಳೆಯದು ಅಂತ ಹೇಳಿದ್ದಿರಲ್ಲ. ಕುಡಿಯಿರಿ. ಅಧ್ಯಕ್ಷರು ಯಾರು ಈ ಸಲ?”

“ಈ ಸಲ ಹೆಂಗಸರಿಗೆ ಮೀಸಲು ಇರಲಿಕ್ಕಿಲ್ಲ ಜಲಜಕ್ಕ...”

“ಮೀಸಲು ಇಲ್ಲದಿದ್ದರೆ ಹೆಂಗಸು ಆಗಬಾರದು ಅಂತ ಉಂಟಾ?”

“ಅದು ಕಮಿಟಿಯಲ್ಲಿ ತೀರ್ಮಾನ ಆಗಬೇಕು.”

“ಹಾಗಾದರೆ ಕಮಿಟಿಯವರನ್ನೂ ಒಂದು ದಿನ ಚಾಕ್ಕೆ ಕರೆದುಕೊಂಡು ಬನ್ನಿ. ಪಾತ್ರೆ ದೊಡ್ಡದುಂಟು.”

ನಾನು ನನ್ನ ಗ್ಲಾಸನ್ನು ತಳದ ತನಕ ಕುಡಿದು ಕೆಳಗಿಟ್ಟೆ. ಮಾಷ್ಟ್ರದ್ದು ಜಗಲಿಯ ಮೇಲೆ ತುಂಬಿದ ಹಾಗೇ ಉಳಿಯಿತು.

ಕಮಿಟಿಯವರೇ, ಮೊದಲ ಸಲ ಅವಳು ಹೊರಗಿನವಳು ಎಂದಿರಿ. ಈ ಸಲ ಹೆಂಗಸಿನ ಸೀಟಲ್ಲ ಎನ್ನುತ್ತಿದ್ದೀರಿ. ನಿಮ್ಮ ಒಳಗಿನವರು ಇಷ್ಟು ವರ್ಷ ಏನು ಮಾಡಿದರು ಎಂದು ನಿಮ್ಮ ನಿಮ್ಮ ಬಾವಿಯ ಸಿಹಿ ನೀರು ಕುಡಿಯುತ್ತಾ ಹೇಳಿ, ಕೇಳೋಣ. ಆ ಕಡವಿನಲ್ಲಿ ಲಾರಿ ಇಲ್ಲದವರು, ಭಾವನ ಲಾರಿಯೂ ಇಲ್ಲದವರು ಅಧ್ಯಕ್ಷರಾಗದೆ ಅದು ಮುಚ್ಚುವುದಿಲ್ಲ. ಅಂಥವರು ನಿಮ್ಮ ಜಗಲಿಯಲ್ಲಿ ಇಲ್ಲ. ಹೊಳೆಯ ತಿರುವಿನಲ್ಲಿ ಒಬ್ಬಳು ಇದ್ದಾಳೆ.

ಪೇಟೆಯ ಗೋಡೆಗೆ ಸುಣ್ಣ ಬಳಿದದ್ದು ಕಂಡೆ. ಬಣ್ಣ, ಕುಂಚ ನನ್ನ ಹತ್ತಿರ ಉಂಟು. ಬರೆಯಬೇಕಾದ ಹೆಸರು ಅವಳದ್ದಾದರೆ ಹೇಳಿ ಕಳಿಸಿ. ಬೇರೆ ಹೆಸರಾದರೆ ಮಾಷ್ಟ್ರ ಭಾವನೇ ಬಂದು ಬರೆಯಲಿ. ಅಕ್ಷರ ತಪ್ಪಿದರೂ ನಾನು ತಿದ್ದಲು ಬರುವುದಿಲ್ಲ.