ಬೇಲಿಯ ಮೇಲಿನ ಹಸಿರು ಸೀರೆ

ಬೆಳಿಗ್ಗೆ ಅಂಗಳ ಗುಡಿಸಿದೆ, ಜೋಳದ ಹಿಟ್ಟು ಜರಡಿ ಹಿಡಿದೆ, ಪುಂಡಿಸೊಪ್ಪು ಸೋಸಿದೆ, ತಮ್ಮನ ಹೆಂಡತಿ ಮಹಾದೇವಿ ಬಡಿದುಕೊಟ್ಟ ರೊಟ್ಟಿಗಳನ್ನು ಬೇಯಿಸಿದೆ, ಮಧ್ಯಾಹ್ನ ಹೊಲದ ಬೇಲಿಯಿಂದ ಒಂದು ಸೀರೆ ಬಿಚ್ಚಿಕೊಂಡು ಬಂದೆ. ಕೊನೆಯ ಕೆಲಸವೊಂದನ್ನು ಬಿಟ್ಟಿದ್ದರೆ ದಿನ ನಿಷ್ಕಳಂಕವಾಗಿರುತ್ತಿತ್ತು.

ಕಮಲಾಪುರದಾಚೆ ಮೀಸಲು ಅರಣ್ಯಕ್ಕೆ ತಾಗಿಕೊಂಡಿರುವ ತಮ್ಮನ ತೊಗರಿ ಹೊಲಕ್ಕೆ ಬಂದು ನನಗೆ ನಾಲ್ಕು ದಿನ. ಕಲಬುರಗಿಯ ನಮ್ಮ ಓಣಿಯ ಹೆಂಗಸರು ಎಲ್ಲೆಲ್ಲಿಯೋ ಜೀಪು ಹತ್ತಿ ಹುಲಿಯ ಬಾಲವನ್ನಾದರೂ ಕಂಡುಬಂದವರು. ಶರಣಬಸವೇಶ್ವರ ಗುಡಿಯ ಹಿಂದಿನ ರಸ್ತೆಯಲ್ಲಿ ಎಮ್ಮೆಗೆ ದಾರಿ ಬಿಟ್ಟುಕೊಟ್ಟದ್ದಷ್ಟೇ ನನ್ನ ವನ್ಯಜೀವಿ ಪರಿಚಯ. ಆದ್ದರಿಂದ ಪಕ್ಕದ ಮನೆಯ ದುರ್ಬೀನನ್ನು ಕೇಳಿ ತಂದು, ಸಂಜೆಯಾದರೆ ಹೊಲದ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ಜಿಂಕೆಗೆ ನಾವು ಚಿಗರಿ ಎನ್ನುತ್ತೇವೆ. ಚಿಗರಿ ಬರಲಿ ಎಂದು ನಾನು, ಬಾರದಿರಲಿ ಎಂದು ಮಹಾದೇವಿ. ಒಂದೇ ಕಟ್ಟೆಯ ಮೇಲೆ ಕೂತು ಒಂದೇ ದೇವರನ್ನು ಪೇಚಿಗೆ ಸಿಕ್ಕಿಸಿದ್ದೆವು.

ಸೀರೆಯ ವಿಷಯ ಹೇಳಬೇಕು. ಇಲ್ಲಿಯವರು ಹೊಲದ ಸುತ್ತ ಗೂಟ ನೆಟ್ಟು ಹಳೆಯ ಸೀರೆ ಕಟ್ಟುತ್ತಾರೆ. ಗಾಳಿಗೆ ಸೆರಗು ಪಟಪಟ ಎಂದರೆ ಚಿಗರಿ ಹೆದರಿ ಹಿಂದಿರುಗುತ್ತದಂತೆ. ನಮ್ಮ ಓಣಿಯ ಹಳೆಯ ಸೀರೆಗಳನ್ನು ಗಂಟು ಕಟ್ಟಿ ವರ್ಷವರ್ಷ ತಂದುಕೊಡುವವಳು ನಾನೇ. ಈ ಸಲ ನನ್ನದೊಂದು ಹಸಿರು ಇಳಕಲ್ ಸೀರೆಯನ್ನೂ ಕೊಟ್ಟಿದ್ದೆ. ಇವತ್ತು ಬಿಸಿಲಿನಲ್ಲಿ ನೋಡುತ್ತೇನೆ, ನನ್ನ ಮೈಮೇಲೆ ಎಂದೂ ಕಾಣದಷ್ಟು ಚೆಲುವಾಗಿ ಅದು ಗೂಟದ ಮೇಲೆ ಕಾಣುತ್ತಿದೆ! ದಾನ ಕೊಟ್ಟವಳ ಕೈ ತಡೆಯಲಿಲ್ಲ. ಬಿಚ್ಚಿಕೊಂಡು, ಆ ಜಾಗಕ್ಕೆ ಒಂದು ಟವೆಲ್ ಸಿಕ್ಕಿಸಿ ಬಂದೆ.

ಸಂಜೆ ಮಹಾದೇವಿ ದನಕ್ಕೆ ನೀರು ಕುಡಿಸಲು ಹೊರಟವಳು ಹೇಳಿದಳು: “ಅಕ್ಕಾರ, ಆ ಮೂಲಿ ಸಾಲು ಬೀಜಕ್ಕ ಬಿಟ್ಟೀನ್ರೀ. ಹೋದ ವರ್ಷ ಹಿಂಗೇ ಬಿಟ್ಟಿದ್ದು ಒಂದ್ ಕಾಳೂ ಕೈಗೆ ಹತ್ತಲಿಲ್ಲ. ಸ್ವಲ್ಪ ಕಣ್ಣಿಡ್ರಿ.”

ಕಣ್ಣಿಟ್ಟೆ, ಅದೂ ದುರ್ಬೀನು ಹಚ್ಚಿ. ಹೊತ್ತು ಮುಳುಗುವ ಮೊದಲು ಅವು ಬಂದವು, ಏಳು. ಟವೆಲ್ಲಿನ ಪಕ್ಕದಿಂದ, ಮದುವೆ ಮನೆಗೆ ಬಂದ ಬೀಗರಂತೆ ಒಂದೊಂದಾಗಿ, ಸಾವಕಾಶ. ಒಂದು ಮರಿ ತಲೆಯೆತ್ತಿ ನನ್ನನ್ನೇ ನೋಡಿತು. ಅದರ ಬಾಯಲ್ಲಿ ಎಳೆಯ ತೊಗರಿಕಾಯಿಯ ಗೊಂಚಲು. ಅವು ನಿಂತಿದ್ದು ಕಾಡಿನಲ್ಲಲ್ಲ, ಬೀಜದ ಸಾಲಿನಲ್ಲಿ ಎಂಬುದು ಆಗ ಹೊಳೆಯಿತು. ಗೆಳೆಯರೇ, ನಿಮ್ಮೆದುರು ಮುಚ್ಚುಮರೆ ಏಕೆ, ಹೊಳೆದ ಮೇಲೂ ನಾನು ಕೂಗಲಿಲ್ಲ. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ಸುಮ್ಮನೆ ಕೂತೆ. ವನ್ಯಜೀವಿಗಳ ಮೇಲಿನ ಪ್ರೀತಿ ಬೇರೆಯವರ ಹೊಲದಲ್ಲಿ ಎಷ್ಟು ಹುಲುಸಾಗಿ ಬೆಳೆಯುತ್ತದೆ!

ಮಹಾದೇವಿ ತಾಟು ಬಡಿಯುತ್ತ ಓಡಿಬಂದಳು. ಅವು ಹಾರಿಹೋದವು.

“ನಿಮಗ ಕಾಣಲಿಲ್ಲೇನ್ರಿ ಅಕ್ಕಾರ?”

“ಕಂಡವು.” ಸೀರೆಯ ಕಥೆಯನ್ನೂ ಹೇಳಿದೆ, ಕೂಗದೆ ಕೂತದ್ದನ್ನೂ.

ಅವಳು ಸಾಲಿನುದ್ದಕ್ಕೆ ನಡೆದು, ಮುರಿದ ಟೊಂಗೆಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತ ಬಂದಳು. ಅರ್ಧ ಸಾಲು ಹೋಗಿತ್ತು.

“ಚಲೋ ಕಾವಲಗಾರ್ತಿ ಸಿಕ್ಕೀರಿ ನೋಡ್ರಿ ನನಗ. ಟವೆಲ್ ಯಾಕ್ ಇಟ್ರಿ, ಬಾಯಿ ಒರಸ್ಕೊಳ್ಳಾಕೇನು?” ಎಂದಳು. ಟೊಂಗೆಗಳನ್ನು ಕಟ್ಟೆಯ ಮೇಲೆ ಸುರುವಿ ಕೇಳಿದಳು: “ಮರೀನೂ ಇತ್ತೇನ್ರಿ?”

“ಒಂದಿತ್ತು. ನನ್ನ ಕಡೆ ನೋಡಿತು.”

“ಮಾರಿ ಹೆಂಗಿರತದ್ರಿ ಅದರದು? ಮದುವ್ಯಾಗಿ ಬಂದಾಗಿಂದ ಬಡದು ಓಡಸೂದೇ ಆಗೇದ. ನಾ ಬರೇ ಬೆನ್ನು ನೋಡೀನಿ.”

ಅದರ ಮುಖ ಹೇಗಿತ್ತೆಂದು ನಾನು ಹೇಳತೊಡಗಿದೆ; ಕಣ್ಣಿನ ಸುತ್ತಲಿನ ಬಿಳುಪು, ಕಿವಿ, ಒದ್ದೆ ಮೂಗು. ಅವಳು ಟೊಂಗೆಯಿಂದ ಕಾಯಿ ಬಿಡಿಸುತ್ತ ಕೇಳಿದಳು. ಆಮೇಲೆ ಇಬ್ಬರೂ ಹೋಗಿ ಹಸಿರು ಸೀರೆಯನ್ನು ಎರಡೆರಡು ಗಂಟು ಹಾಕಿ ಕಟ್ಟಿ ಬಂದೆವು.

ರೊಟ್ಟಿ, ಪುಂಡಿಪಲ್ಯ ಉಂಡೆವು. ಬೀಜಕ್ಕಾಗದ ಆ ಎಳೆಕಾಯಿಗಳನ್ನು ಉಪ್ಪು ಹಾಕಿ ಕುದಿಸಿ ತಿಂದೆವು. ರುಚಿಯಾಗಿದ್ದವು, ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ತಮ್ಮ ಕೆಲಸದ ಮೇಲೆ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಹೋದವನು ನಾಳೆ ಬರುತ್ತಾನೆ. ರಾತ್ರಿಯ ಕಾವಲಿಗೆಂದು ಮಹಾದೇವಿ ತಾಟನ್ನೂ ಅದನ್ನು ಬಡಿಯುವ ಕೋಲನ್ನೂ ನನ್ನ ಕೈಗೆ ಕೊಟ್ಟು ಮೊದಲು ಮಲಗಿದಳು.